ಹೊಗೆಯ ಲೆಕ್ಕ: ಕಡ್ಡಿಕಸದಿಂದ ಬಯೋಚಾರ್, ನಾಲ್ಕು ಒಬ್ಬೆ

ಮೂಲೆಯಲ್ಲಿ ಒಂದು ರಾಶಿ ಬೆಳೆಯುತ್ತಲೇ ಇತ್ತು. ಸವರಿದ ಕೊಂಬೆ, ಬೇಲಿಯಿಂದ ಕಡಿದ ಕಡ್ಡಿ, ಮೆಕ್ಕೆಜೋಳದ ದಿಂಡು, ಹತ್ತಿಗಿಡದ ಒಣ ಕಾಂಡ. ಹಾಗೇ ಬಿಟ್ಟರೆ ಕೆಲವು ವರ್ಷದಲ್ಲಿ ಕೊಳೆತು, ಅದರಲ್ಲಿದ್ದ ಇಂಗಾಲದ ಬಹುಪಾಲು ಗಾಳಿಗೆ ವಾಪಸ್ ಹೋಗುತ್ತದೆ. ಬೆಂಕಿ ಹಚ್ಚಿದರೆ ಅದೇ ಕೆಲಸ ಒಂದು ಗಂಟೆಯಲ್ಲಿ ಮುಗಿಯುತ್ತದೆ. ಇವೆರಡೂ ಬೇಡ ಅಂತ ಬಯೋಚಾರ್, ಅಂದರೆ ಮಣ್ಣಿಗೆ ಸೇರಿಸುವ ಇದ್ದಿಲು, ಮಾಡಲು ಇಳಿದೆ. ಇಲ್ಲಿಯವರೆಗೆ ನಾಲ್ಕು ಒಬ್ಬೆ ಆಗಿದೆ. ಎರಡು ಗೂಡು ಕಟ್ಟಿದ್ದೇನೆ, ಒಂದನ್ನು ರಿಪೇರಿ ಮಾಡಿದ್ದೇನೆ. ಏನೇನಾಯಿತು, ತೂಕ ಎಷ್ಟು ಬಂತು, ಎಲ್ಲವನ್ನೂ ಬರೆದಿಟ್ಟುಕೊಂಡಿದ್ದನ್ನು ಇಲ್ಲಿ ಹಾಕುತ್ತಿದ್ದೇನೆ.

ಮೊದಲು ಒಳಗೆ ನಡೆಯುವುದೇನು ಅಂತ ಹೇಳಿಬಿಡುತ್ತೇನೆ. ಒಣ ಕಟ್ಟಿಗೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಇಂಗಾಲವೇ. ಗಿಡ ಅದನ್ನು ಗಾಳಿಯಿಂದ ಎಳೆದುಕೊಂಡಿರುತ್ತದೆ. ಗಾಳಿ ಸಿಗದ ಹಾಗೆ ಬಿಸಿ ಮಾಡಿದರೆ ಕಟ್ಟಿಗೆ ಉರಿಯುವುದಿಲ್ಲ, ಒಡೆಯುತ್ತದೆ. ಇದಕ್ಕೆ ಪೈರೋಲಿಸಿಸ್ ಅನ್ನುತ್ತಾರೆ. ಕಟ್ಟಿಗೆಯಲ್ಲಿ ಮುಖ್ಯವಾಗಿ ಇರುವುದು ಹೆಮಿಸೆಲ್ಯುಲೋಸ್, ಸೆಲ್ಯುಲೋಸ್, ಲಿಗ್ನಿನ್ ಅನ್ನುವ ಮೂರು ವಸ್ತು. ಸುಮಾರು 220 ಡಿಗ್ರಿಗೆ ಹೆಮಿಸೆಲ್ಯುಲೋಸ್ ಒಡೆಯಲು ಶುರುವಾಗುತ್ತದೆ. 315 ದಾಟಿದ ಮೇಲೆ ಸೆಲ್ಯುಲೋಸ್ ಸರದಿ, 400ರ ಹೊತ್ತಿಗೆ ಅದೂ ಮುಗಿದಿರುತ್ತದೆ. ಲಿಗ್ನಿನ್ ಮಾತ್ರ ನಿಧಾನವಾಗಿ, ಉದ್ದಕ್ಕೂ ಒಡೆಯುತ್ತಾ ಹೋಗುತ್ತದೆ. ಅನಿಲವಾಗಿ ಹೊರಡುವುದೆಲ್ಲ ಹೊರಟ ಮೇಲೆ ಉಳಿದ ಇಂಗಾಲ ಉಂಗುರ ಉಂಗುರವಾಗಿ ಹೆಣೆದುಕೊಳ್ಳುತ್ತದೆ. ಬಿಸಿ ಜಾಸ್ತಿಯಾದಷ್ಟೂ ಹೆಣಿಗೆ ಬಿಗಿಯಾಗುತ್ತದೆ. ಮಣ್ಣಿನ ಸೂಕ್ಷ್ಮಜೀವಿಗಳಿಗೆ ಅದನ್ನು ಬಿಡಿಸುವುದು ಬಹಳ ಕಷ್ಟ. ಅಮೆಜಾನ್ ಕಾಡಿನ ನಡುವೆ ಹಿಂದಿನ ಜನ ಇದ್ದಿಲು ಬೆರೆಸಿ ಬೆಳೆಸಿದ ಕಪ್ಪು ಮಣ್ಣು, ಅಂದರೆ ಟೆರಾ ಪ್ರೆಟಾ, ನೂರಾರು ವರ್ಷ ದಾಟಿ ಇವತ್ತಿಗೂ ಕಪ್ಪಾಗಿಯೇ ಇದೆ.

ಹೊರಟ ಅನಿಲ ಏನಾಗುತ್ತದೆ ಅನ್ನುವುದು ಇನ್ನೊಂದು ಪ್ರಶ್ನೆ. ಶುರುವಿನಲ್ಲಿ ಅದರ ಕಡೆ ನಾನು ಅಷ್ಟಾಗಿ ಗಮನ ಕೊಟ್ಟಿರಲಿಲ್ಲ. ನಾಲ್ಕು ಒಬ್ಬೆ ಆದ ಮೇಲೆ ಈಗ ನನಗೆ ಅದೇ ಮುಖ್ಯ ಪ್ರಶ್ನೆ.

ಮೊದಲ ಗೂಡು: 200 ಲೀಟರ್ ಡ್ರಮ್ಮು

ಮೇಲಿನಿಂದ ಹೊತ್ತಿಸುವ ಡ್ರಮ್ಮಿನಿಂದ ಶುರು ಮಾಡಿದೆ. ತಳದಲ್ಲಿ ತೂತು, ಒಳಗೆ ಕಟ್ಟಿಗೆ, ಬೆಂಕಿ ಮೇಲೆ. ಬಿಸಿಯ ಪಟ್ಟಿ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಕೆಳಗಿನಿಂದ ಬರುವ ಸ್ವಲ್ಪ ಗಾಳಿ ಆ ಪಟ್ಟಿಯಲ್ಲೇ ಖರ್ಚಾಗುತ್ತದೆ. ಮೇಲೆ ಉಳಿದ ಇದ್ದಿಲಿಗೆ ಗಾಳಿ ಸಿಗುವುದಿಲ್ಲ. ಎದ್ದ ಅನಿಲ ಡ್ರಮ್ಮಿನ ಬಾಯಿಯ ಹತ್ತಿರ ಹೊಸ ಗಾಳಿ ಸೇರಿ ಉರಿಯುತ್ತದೆ.

ಡ್ರಮ್ಮು ಆರಿಸುವಾಗ ಎರಡು ಎಚ್ಚರಿಕೆ. ಸತು ಲೇಪಿಸಿದ್ದು ಬೇಡವೇ ಬೇಡ. ಸತು 419 ಡಿಗ್ರಿಗೇ ಕರಗುತ್ತದೆ, ಇನ್ನೂ ಬಿಸಿಯಾದರೆ ಅದರ ಹೊಗೆ ಕುಡಿದವರಿಗೆ ಜ್ವರ ಬರುತ್ತದೆ. ಎರಡನೆಯದು, ಎಣ್ಣೆ ಅಥವಾ ದ್ರಾವಕ ತುಂಬಿದ್ದ ಡ್ರಮ್ಮಿಗೆ ನೇರವಾಗಿ ಗ್ರೈಂಡರ್ ಹಚ್ಚಬಾರದು. ಒಳಗೆ ಉಳಿದ ಆವಿ ಒಂದು ಕಿಡಿಗೆ ಸ್ಫೋಟವಾಗುತ್ತದೆ. ನಾನು ಡ್ರಮ್ಮು ತೊಳೆದು, ಕೊಯ್ಯುವ ಗೆರೆಯ ಸ್ವಲ್ಪ ಕೆಳಗಿನವರೆಗೂ ನೀರು ತುಂಬಿಸಿ, ಮುಚ್ಚಳದ ಬಿರಡೆಗಳನ್ನೆಲ್ಲ ತೆಗೆದಿಟ್ಟು ಆಮೇಲೆ ಕೊಯ್ದೆ. ಒಳಗಿನ ಬಣ್ಣವನ್ನು ಖಾಲಿ ಡ್ರಮ್ಮಿನಲ್ಲಿ ಒಂದು ಸಲ ಜೋರು ಬೆಂಕಿ ಹಾಕಿ ಸುಟ್ಟುಬಿಟ್ಟೆ.

ತಳಕ್ಕೆ 12 ಮಿಮೀ ಡ್ರಿಲ್‌ನಲ್ಲಿ 40 ತೂತು. ಒಟ್ಟು 45 ಚದರ ಸೆಂಟಿಮೀಟರ್ ಆಗುತ್ತದೆ, ತಳದ ಶೇ. 2ಕ್ಕಿಂತ ಸ್ವಲ್ಪ ಕಮ್ಮಿ. ಮೂರು ಇಟ್ಟಿಗೆಯ ಮೇಲೆ ಡ್ರಮ್ಮು ನಿಲ್ಲಿಸಿದೆ.

ಮೊದಲ ಒಬ್ಬೆ ಕೆಟ್ಟಿತು. ಕಡ್ಡಿ ನೋಡಲು ಒಣಗಿತ್ತು, ಮುರಿದರೆ ಲಟಕ್ ಅನ್ನುತ್ತಿತ್ತು. ಹೊತ್ತಿಸಿದ ಹತ್ತು ನಿಮಿಷಕ್ಕೇ ಉರಿ ನಿಂತು ಹಳದಿ ಬಿಳುಪಿನ ದಟ್ಟ ಹೊಗೆ ಏಳತೊಡಗಿತು. ಮತ್ತೆ ಹೊತ್ತಿಸಿದೆ, ಮತ್ತೆ ನಿಂತಿತು. ಮೂರನೇ ಸಲ ನೀರು ಸುರಿದು ನಿಲ್ಲಿಸಿಬಿಟ್ಟೆ. ಮಾರನೇ ದಿನ ಅದೇ ರಾಶಿಯಿಂದ 200 ಗ್ರಾಂ ಕಡ್ಡಿ ತೆಗೆದು 105 ಡಿಗ್ರಿ ಓವನ್‌ನಲ್ಲಿ ಒಂದು ದಿನ ಇಟ್ಟೆ. 144 ಗ್ರಾಂ ಉಳಿಯಿತು. ಅಂದರೆ ತೇವಾಂಶ ಶೇ. 28!

ಇದು ಇಷ್ಟು ಕಾಡುವುದು ಏಕೆ ಅಂತ ಲೆಕ್ಕ ಹಾಕಿದೆ. 40 ಕೆಜಿ ಕಡ್ಡಿಯಲ್ಲಿ 11 ಕೆಜಿ ನೀರು. ಒಂದು ಕೆಜಿ ನೀರನ್ನು ಬಿಸಿ ಮಾಡಿ ಆವಿ ಮಾಡಲು 2.6 ಮೆಗಾಜೂಲ್ ಬೇಕು. ಒಟ್ಟು 29 ಮೆಗಾಜೂಲ್. ಒಂದೂವರೆ, ಒಂದೂಮುಕ್ಕಾಲು ಕೆಜಿ ಒಣ ಸೌದೆಯಲ್ಲಿ ಅಷ್ಟು ಶಾಖ ಇದೆ. ಹಾಗಾದರೆ ಅದೇನು ದೊಡ್ಡ ನಷ್ಟ ಅಲ್ಲ, ಅಲ್ವಾ? ತೊಂದರೆ ಇರುವುದು ಬೇರೆ ಕಡೆ. ಆವಿ ಹೋಗಿ ಆ ಅನಿಲಕ್ಕೇ ಬೆರೆಯುತ್ತದೆ. ಅನಿಲ ತೆಳುವಾಗುತ್ತದೆ, ತಣ್ಣಗಾಗುತ್ತದೆ, ಉರಿ ಹಿಡಿದುಕೊಳ್ಳುವುದಿಲ್ಲ. ಉರಿಯದ ಅನಿಲವೇ ಹೊಗೆಯಾಗಿ ಹೊರಗೆ ಬರುವುದು. ಅದರಲ್ಲಿ ಟಾರು, ಕಾರ್ಬನ್ ಮಾನಾಕ್ಸೈಡ್, ಮೀಥೇನ್ ಎಲ್ಲ ಇರುತ್ತದೆ.

ಕಡ್ಡಿಯನ್ನು ಸೂರಿನ ಕೆಳಗೆ, ನೆಲದಿಂದ ಒಂದು ಗೇಣು ಎತ್ತರಕ್ಕೆ ಹರಡಿದೆ. ಐದು ವಾರ ಬಿಟ್ಟು ಮತ್ತೆ ಒಣಗಿಸಿ ನೋಡಿದಾಗ 200 ಗ್ರಾಂಗೆ 176 ಉಳಿಯಿತು. ಶೇ. 12. ಈ ಅಳತೆ ನೋಡದೆ ಈಗ ನಾನು ಬೆಂಕಿಕಡ್ಡಿ ಮುಟ್ಟುವುದಿಲ್ಲ.

ಎರಡನೇ ಒಬ್ಬೆಗೆ ಮುಚ್ಚಳಕ್ಕೆ 15 ಸೆಂಮೀ ಅಗಲ, 120 ಸೆಂಮೀ ಎತ್ತರದ ಚಿಮಣಿ ಕೂರಿಸಿದೆ. ಮುಚ್ಚಳ ಮತ್ತು ಡ್ರಮ್ಮಿನ ನಡುವೆ ಎರಡೂವರೆ ಸೆಂಮೀ ಸಂದು. ಹೊಸ ಗಾಳಿ ಅಲ್ಲಿಂದ ನುಗ್ಗುತ್ತದೆ. ಕಡ್ಡಿಗಳನ್ನು ಗೇಣುದ್ದ ಕತ್ತರಿಸಿ 28.4 ಕೆಜಿ ತುಂಬಿದೆ. ಮೇಲೆ ಪುಳ್ಳೆ ಹರಡಿ ಹಚ್ಚಿದೆ. ಐದೇ ನಿಮಿಷ, ಚಿಮಣಿ ಗೊರ್ ಅಂತ ಎಳೆಯತೊಡಗಿತು. ಹೊಗೆ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಡ್ರಮ್ಮಿನ ಹೊರಮೈಯಲ್ಲಿ ತುಕ್ಕಿನ ಬಣ್ಣ ಬದಲಾಗುವ ಒಂದು ಗೆರೆ ನಿಧಾನವಾಗಿ ಕೆಳಗಿಳಿಯುವುದು ಕಾಣುತ್ತಿತ್ತು. ಗೆರೆಯ ಮೇಲೆ ನೀರು ಚಿಮುಕಿಸಿದರೆ ಚುರ್ ಅಂತ ಹಾರುತ್ತದೆ, ಕೆಳಗೆ ಚಿಮುಕಿಸಿದರೆ ಹಾಗೇ ಹರಿಯುತ್ತದೆ. ಒಳಗಿನ ಬಿಸಿಪಟ್ಟಿ ಎಲ್ಲಿದೆ ಅಂತ ತಿಳಿಯಲು ಇಷ್ಟೇ ಸಾಕು.

ಒಂದು ಗಂಟೆ ಐವತ್ತು ನಿಮಿಷಕ್ಕೆ ಹಳದಿ ಉರಿ ಕುಗ್ಗಿ ಗಿಡ್ಡ ನೀಲಿ ಉರಿ ಬಂತು. ಅದು ಕಾರ್ಬನ್ ಮಾನಾಕ್ಸೈಡ್ ಉರಿಯುವ ಬಣ್ಣ. ಬಿಸಿಪಟ್ಟಿ ತಳ ಮುಟ್ಟಿದೆ, ಕಟ್ಟಿಗೆಯ ಅನಿಲ ಮುಗಿದಿದೆ, ಇನ್ನು ಉರಿಯುತ್ತಿರುವುದು ಇದ್ದಿಲೇ ಅನ್ನುವ ಸೂಚನೆ. ಆ ಕ್ಷಣವೇ ನಿಲ್ಲಿಸಬೇಕಿತ್ತು. ನಾನು ತಳದ ತೂತು ಮುಚ್ಚಲು ಒದ್ದೆ ಮಣ್ಣು ಕಲಸಿ ಇಟ್ಟಿರಲಿಲ್ಲ. ಕಲಸಿ ತರುವಷ್ಟರಲ್ಲಿ 12 ನಿಮಿಷ ಹೋಯಿತು. ಸಿಕ್ಕಿದ್ದು 4.6 ಕೆಜಿ. ಒಣ ತೂಕದ ಶೇ. 18 ಮಾತ್ರ. ತಳದಲ್ಲಿ ಬೂದಿ, ಅಂಚಿನಲ್ಲಿ ಅರೆಬೆಂದ ಕೊಳ್ಳಿ. ಕಡ್ಡಿ ಒಂದಕ್ಕೊಂದು ಸಿಕ್ಕಿಕೊಂಡು ನಡುವೆ ಪೊಳ್ಳಾಗಿ, ಬಿಸಿ ಒಂದು ಪಕ್ಕದಲ್ಲೇ ಇಳಿದಿತ್ತು.

ಡ್ರಮ್ಮಿಗೆ ಬೇಕಾದದ್ದು ಒಂದೇ ಅಳತೆಯ ಗಿಡ್ಡ ತುಂಡು. ಮೆಕ್ಕೆಜೋಳದ ದಿಂಡಿಗೆ ಅದು ಹೇಳಿ ಮಾಡಿಸಿದ ಹಾಗಿದೆ, ಈಗಲೂ ದಿಂಡಿಗೆ ಅದನ್ನೇ ಬಳಸುತ್ತೇನೆ. ಆದರೆ ನನ್ನ ರಾಶಿಯಲ್ಲಿ ಮುಕ್ಕಾಲು ಪಾಲು ಕೊಂಬೆ. ಅಷ್ಟನ್ನೂ ಗೇಣುದ್ದ ಕತ್ತರಿಸುವುದು ಆಗದ ಮಾತು.

ಎರಡನೇ ಗೂಡು: ಬಾಯಿ ತೆರೆದ ತಗಡಿನ ಹಗೇವು

2014ರಲ್ಲಿ ಸ್ವಿಟ್ಜರ್ಲೆಂಡಿನ ಇಥಾಕಾ ಸಂಸ್ಥೆಯಲ್ಲಿ ಹಾನ್ಸ್-ಪೀಟರ್ ಶ್ಮಿಟ್ ಮತ್ತು ಪಾಲ್ ಟೇಲರ್ ರೂಪಿಸಿದ ಕಾನ್-ಟಿಕಿ ಅನ್ನುವ ಗೂಡು ಇದೆ. ಅಗಲ ಬಾಯಿಯ ಕೋನಾಕಾರದ ಲೋಹದ ಪಾತ್ರೆ, ಅಷ್ಟೇ. ಮುಚ್ಚಳವೂ ಇಲ್ಲ, ಚಿಮಣಿಯೂ ಇಲ್ಲ. ಅದರಲ್ಲಿ ಉರಿಯೇ ಮುಚ್ಚಳ. ಮೇಲೆ ಹಬ್ಬಿದ ಉರಿ ಬರುವ ಆಮ್ಲಜನಕವನ್ನೆಲ್ಲ ತಾನೇ ತಿನ್ನುತ್ತದೆ. ಕೆಳಗಿನ ಇದ್ದಿಲಿಗೆ ಏನೂ ಉಳಿಯುವುದಿಲ್ಲ. ಕಡ್ಡಿಯನ್ನು ಪದರ ಪದರವಾಗಿ ಹಾಕುತ್ತಾ ಹೋಗಬೇಕು. ಹೊಸ ಪದರದಿಂದ ಎದ್ದ ಅನಿಲ ಮೇಲಿನ ಉರಿಯನ್ನು ದಾಟಿಯೇ ಹೋಗಬೇಕು, ದಾಟುವಾಗ ಸುಟ್ಟುಹೋಗುತ್ತದೆ.

ಕೋನ ಸುತ್ತುವುದು ನನ್ನ ಕೈಲಿ ಆಗುವ ಕೆಲಸ ಅಲ್ಲ. ಆದ್ದರಿಂದ ತಲೆಕೆಳಗಾದ ಪಿರಮಿಡ್ ಮಾಡಿದೆ. 2 ಮಿಮೀ ಕಬ್ಬಿಣದ ತಗಡು, ನಾಲ್ಕು ಹೋಳು. ಪ್ರತಿ ಹೋಳು ಮೇಲೆ 120 ಸೆಂಮೀ, ಕೆಳಗೆ 60 ಸೆಂಮೀ, ನಡುವಿನ ಎತ್ತರ 67 ಸೆಂಮೀ. ಜೋಡಿಸಿದಾಗ ಆಳ 60 ಸೆಂಮೀ, ಗೋಡೆಯ ಓರೆ ಸುಮಾರು 63 ಡಿಗ್ರಿ. ಒಳಗೆ 500 ಲೀಟರ್ ಹಿಡಿಯುತ್ತದೆ. ತೂಕ 44 ಕೆಜಿ, ಇಬ್ಬರು ಸೇರಿ ಎತ್ತಬಹುದು. ತಳದಲ್ಲಿ ಒಂದಿಂಚಿನ ಪೈಪು ಮತ್ತು ವಾಲ್ವ್ ಕೂರಿಸಿದೆ. ಹೊರಗೆ ಐದು ಸೆಂಮೀ ಬಿಟ್ಟು ತೆಳು ತಗಡಿನ ಲಂಗ ಸುತ್ತಿದೆ. ಅದರಿಂದ ಎರಡು ಅನುಕೂಲ: ನಿಂತವರ ಕಾಲಿಗೆ ಝಳ ಬಡಿಯುವುದಿಲ್ಲ, ಮತ್ತು ಆ ಸಂದಿನಲ್ಲಿ ಏರುವ ಗಾಳಿ ಬಿಸಿಯಾಗಿ ಬಾಯಿಗೆ ಸೇರುತ್ತದೆ.

ಮೂರನೇ ಒಬ್ಬೆ. ಲೆಕ್ಕ ಸರಿಯಾಗಿ ಸಿಗಲಿ ಅಂತ ಬರೀ ಮರದ ಕೊಂಬೆ ಆರಿಸಿದೆ. 210 ಕೆಜಿ, ತೇವಾಂಶ ಶೇ. 12. ಸುತ್ತ ಐದು ಮೀಟರ್ ತರಗೆಲೆ ಗುಡಿಸಿ, ಗಾಳಿ ಬರುವ ಕಡೆಗೆ ತಗಡು ಮರೆ ಕಟ್ಟಿ, 300 ಲೀಟರ್ ನೀರು ಪಕ್ಕದಲ್ಲಿ ತುಂಬಿಟ್ಟುಕೊಂಡೆ. ತಳದಲ್ಲಿ ಪುಳ್ಳೆಯ ಅಟ್ಟ ಕಟ್ಟಿ ಮೇಲಿನಿಂದ ಹಚ್ಚಿದೆ.

ಇದರ ಹದ ಹೇಳಿದರೆ ಪೂರ್ತಿ ಬರುವುದಿಲ್ಲ, ಆದರೂ ಹೇಳುತ್ತೇನೆ. ಮೇಲಿನ ಕಡ್ಡಿಯ ಮೈಮೇಲೆ ಬಿಳಿ ಬೂದಿ ಸಣ್ಣಗೆ ಹಿಡಿಯಲು ಶುರುವಾದಾಗ ಮುಂದಿನ ಪದರ ಹಾಕಬೇಕು. ಬೂದಿ ಕಂಡಿತು ಅಂದರೆ ಅನಿಲ ಮುಗಿದು ಇದ್ದಿಲು ಸುಡುತ್ತಿದೆ ಅಂತ. ಅದಕ್ಕೂ ಮುಂಚೆ ಹಾಕಿದರೆ ಉರಿ ಉಸಿರುಗಟ್ಟಿ ಹೊಗೆ ಬರುತ್ತದೆ. ತಡವಾದರೆ ದುಡಿದದ್ದು ಬೂದಿಯಾಗುತ್ತದೆ. ನನ್ನ ಗೂಡಿನಲ್ಲಿ ಅದು ಆರರಿಂದ ಎಂಟು ನಿಮಿಷಕ್ಕೊಮ್ಮೆ. ಗಾಳಿ ಅಂಚಿನ ಮೇಲಿಂದ ಒಳಗಿಳಿದು, ನಡುವಿನಿಂದ ಎದ್ದು, ಉರಿ ಸುರುಳಿ ಸುರುಳಿಯಾಗಿ ಹೊರಳುವುದು ಕಾಣುತ್ತದೆ. ಆ ಸುರುಳಿ ಇರುವವರೆಗೂ ಹೊಗೆ ಇಲ್ಲ.

ಬಿಸಿ ಅಳೆಯುವ ಕೆ-ಟೈಪ್ ಥರ್ಮೋಕಪಲ್ ಅನ್ನು ಇದ್ದಿಲಿನೊಳಗೆ ಒಂದು ಗೇಣು ಇಳಿಸಿ ನೋಡಿದೆ. ನಡುವೆ 610ರಿಂದ 680 ಡಿಗ್ರಿ. ಮೂಲೆಗಳಲ್ಲಿ 480ರಿಂದ 540. ಪಿರಮಿಡ್ ಮಾಡಿದ್ದಕ್ಕೆ ತೆತ್ತ ಬೆಲೆ ಇದು. ಮೂಲೆಗೆ ಉರಿ ಸರಿಯಾಗಿ ಮುಟ್ಟುವುದಿಲ್ಲ. ಕೋನ ಸುತ್ತಿಸಲು ಸಾಧ್ಯ ಇರುವವರು ಕೋನವನ್ನೇ ಮಾಡಿಸಿ.

ಇನ್ನೊಂದು ತಪ್ಪು ಮಾಡಿದೆ. ಮುಂಗೈ ದಪ್ಪದ ಕೆಲವು ತುಂಡುಗಳು ಉಳಿದಿದ್ದವು. ಸುಮ್ನೆ ಯಾಕೆ ಬಿಡಬೇಕು ಅಂತ ಕೊನೆಯಲ್ಲಿ ಹಾಕಿಬಿಟ್ಟೆ. ಅವು ಹೊರಗೆ ಕಪ್ಪಾಗಿ ಒಳಗೆ ಕಂದಾಗಿಯೇ ಉಳಿದವು. ದಪ್ಪನೆಯದು ಮೊದಲ ಅರ್ಧದಲ್ಲೇ ಹೋಗಬೇಕು. ಮೇಲೆ ಪದರ ಬೀಳುತ್ತಾ ಹೋದ ಹಾಗೆ ಕೆಳಗೆ ಬೇಯಲು ಅದಕ್ಕೆ ಸಮಯ ಸಿಗುತ್ತದೆ.

ನಾಲ್ಕು ಗಂಟೆಗೆ ಮುಗಿಯಿತು. ಕೆಂಡ ಆರಿಸುವುದು ಕೆಳಗಿನಿಂದ. ತಳದ ಪೈಪಿಗೆ ನೀರು ಬಿಟ್ಟರೆ ಆವಿ ಮೇಲೇರುತ್ತಾ ಮೇಲಿನ ಕೆಂಡವನ್ನೂ ಆರಿಸುತ್ತದೆ. ಕೆಂಡದ ಬಿಸಿ ತೆಗೆಯಲು ಬೇಕಾದ ನೀರು ಕಡಿಮೆಯೇ, 15 ಲೀಟರ್ ಸಾಕು. ಆದರೆ ಸಂದುಗೊಂದುಗಳನ್ನೆಲ್ಲ ತುಂಬಿ ಪೂರ್ತಿ ಮುಳುಗಿಸಲು 250 ಲೀಟರ್ ಹಿಡಿಯಿತು.

ಈ ಮುಳುಗಿಸುವ ವಿಷಯದಲ್ಲಿ ಉಳಿಸಲು ಹೋಗಬೇಡಿ. ಎರಡನೇ ಒಬ್ಬೆಯ ಇದ್ದಿಲನ್ನು ನಾನು ಮೇಲಿನಿಂದ ನೀರು ಚಿಮುಕಿಸಿ, ಕೈಗೆ ತಣ್ಣಗೆ ಹತ್ತಿತು ಅಂತ ಸಂಜೆ ಗೋಣಿಚೀಲಕ್ಕೆ ತುಂಬಿದ್ದೆ. ನಡುರಾತ್ರಿ ಹೊಗೆ ವಾಸನೆಗೆ ಎಚ್ಚರವಾಯಿತು. ಚೀಲದ ಪಕ್ಕದಲ್ಲಿ ತಟ್ಟೆಯಗಲ ತೂತು ಬಿದ್ದು ಒಳಗೆ ಕೆಂಪಗಿತ್ತು. ಎಲ್ಲೋ ಒಂದು ಕಿಡಿ ಉಳಿದಿತ್ತು. ಕಿಡಿ ಇಲ್ಲದಿದ್ದರೂ ಹೊಸ ಇದ್ದಿಲು ಗಾಳಿಯ ಆಮ್ಲಜನಕ ಹೀರಿಕೊಂಡು ತಾನೇ ಬಿಸಿಯಾಗಬಲ್ಲದು. ಚೀಲ ಬಯಲಿನಲ್ಲಿ ಇತ್ತು, ಅಷ್ಟು ಒಳ್ಳೆಯದಾಯಿತು. ಈಗ ಒಂದು ಇಡೀ ದಿನ ನೀರಿನಲ್ಲಿ ಮುಳುಗಿಸಿ ಇಡುತ್ತೇನೆ. ಆಮೇಲೆ ನೆಲದ ಮೇಲೆ ನಾಲ್ಕು ಬೆರಳು ದಪ್ಪಕ್ಕೆ ಹರಡಿ, ಮಾರನೇ ದಿನ ಕೈಯಾಡಿಸಿ ನೋಡುತ್ತೇನೆ. ಗೋಡೆಯ ಪಕ್ಕ, ಸೂರಿನ ಕೆಳಗೆ ಯಾವತ್ತೂ ಇಡುವುದಿಲ್ಲ.

ಬೆಂದಿದೆಯೇ ಅಂತ ನೋಡುವುದು

ಮೂರು ಪರೀಕ್ಷೆ ಮಾಡುತ್ತೇನೆ. ಒಂದು ತುಂಡನ್ನು ಕೈಯಿಂದ ಜಾರಿಸಿ ಇನ್ನೊಂದರ ಮೇಲೆ ಬೀಳಿಸಿದರೆ ಗಾಜಿನ ಚೂರಿನಂತೆ ಕಿಣಿ ಅನ್ನಬೇಕು. ಬೆರಳಿಗೆ ಉಜ್ಜಿದ ಮಸಿ ಬರೀ ನೀರಿಗೆ ಹೋಗಬೇಕು. ಸೋಪು ಬೇಕಾಯಿತು ಅಂದರೆ ಟಾರು ಉಳಿದಿದೆ ಅಂತ ಅರ್ಥ.

ಮೂರನೆಯದು ನನಗೆ ಬಹಳ ಇಷ್ಟವಾದದ್ದು. ಒಣಗಿದ ತುಂಡಿಗೆ ಮಲ್ಟಿಮೀಟರಿನ ಎರಡು ಮೊನೆ ಒಂದು ಸೆಂಮೀ ಅಂತರದಲ್ಲಿ ಒತ್ತಿ ಹಿಡಿಯುವುದು. ಕಡಿಮೆ ಬಿಸಿಯಲ್ಲಿ ಆದ ಇದ್ದಿಲು ವಿದ್ಯುತ್ ಹರಿಸುವುದಿಲ್ಲ. 600 ಡಿಗ್ರಿಯ ಆಸುಪಾಸು ದಾಟಿದ ಮೇಲೆ ಇಂಗಾಲದ ಉಂಗುರಗಳು ಅಷ್ಟು ಬಿಗಿಯಾಗಿ ಹೆಣೆದುಕೊಂಡಿರುತ್ತವೆ, ವಿದ್ಯುತ್ ಹರಿಯಲು ದಾರಿಯಾಗುತ್ತದೆ. ಡ್ರಮ್ಮಿನ ಅಂಚಿನ ಕೊಳ್ಳಿಗೆ ಮೀಟರು ಏನೂ ತೋರಿಸಲಿಲ್ಲ. ಪಿರಮಿಡ್ಡಿನ ನಡುವಿನ ತುಂಡುಗಳಿಗೆ 10ರಿಂದ 40 ಓಮ್ ಬಂತು. ಯಾವ ಹೆಣಿಗೆ ವಿದ್ಯುತ್ತಿಗೆ ದಾರಿ ಕೊಡುತ್ತದೆಯೋ ಅದೇ ಹೆಣಿಗೆ ಮಣ್ಣಿನಲ್ಲಿ ಉಳಿದುಕೊಳ್ಳುತ್ತದೆ. ಪ್ರಯೋಗಶಾಲೆಯಲ್ಲಾದರೆ ಇದನ್ನು ಹೈಡ್ರೋಜನ್ ಮತ್ತು ಇಂಗಾಲದ ಪರಮಾಣುಗಳ ಅನುಪಾತದಿಂದ ಅಳೆಯುತ್ತಾರೆ. 0.7ಕ್ಕಿಂತ ಕಡಿಮೆ ಇದ್ದರೆ ಬಯೋಚಾರ್ ಅನ್ನಬಹುದು, 0.4ಕ್ಕಿಂತ ಕಡಿಮೆ ಇದ್ದರೆ ಬಹಳ ಗಟ್ಟಿ.

ತೂಕ

ಒದ್ದೆ ಇದ್ದಿಲಿನ ತೂಕ ಏನನ್ನೂ ಹೇಳುವುದಿಲ್ಲ. ಮೂರನೇ ಒಬ್ಬೆಯಲ್ಲಿ 20 ಲೀಟರಿನ ಬಕೆಟ್ಟಿನಲ್ಲಿ ಹದಿನೈದೂವರೆ ಬಕೆಟ್ ಬಂತು, 103 ಕೆಜಿ. ಚೆನ್ನಾಗಿ ಕಲಸಿ 500 ಗ್ರಾಂ ತೆಗೆದು ಒಣಗಿಸಿದಾಗ 180 ಗ್ರಾಂ ಉಳಿಯಿತು. ಅಂದರೆ ನಿಜವಾದ ಇದ್ದಿಲು 37 ಕೆಜಿ. ಹಾಕಿದ ಒಣ ಕಟ್ಟಿಗೆ 185 ಕೆಜಿ. ಶೇ. 20.

ಇನ್ನು ಇಂಗಾಲ. 2019ರಲ್ಲಿ ಐಪಿಸಿಸಿ, ಅಂದರೆ ಹವಾಮಾನ ಬದಲಾವಣೆಯ ಬಗ್ಗೆ ವಿಶ್ವಸಂಸ್ಥೆಯ ತಜ್ಞರ ಸಮಿತಿ, ತನ್ನ ಲೆಕ್ಕದ ಮಾರ್ಗಸೂಚಿಯನ್ನು ಪರಿಷ್ಕರಿಸಿದಾಗ ಬಯೋಚಾರಿಗೂ ಒಂದು ವಿಧಾನ ಕೊಟ್ಟಿತು. ಕಟ್ಟಿಗೆಯಿಂದ ಪೈರೋಲಿಸಿಸ್ ಮಾಡಿದ ಇದ್ದಿಲಿನಲ್ಲಿ ಇಂಗಾಲ 0.77 ಪಾಲು ಅಂತ ಹಿಡಿಯಬಹುದು. ನೂರು ವರ್ಷದ ನಂತರ ಅದರಲ್ಲಿ ಉಳಿಯುವುದು ಎಷ್ಟು ಅನ್ನುವುದು ಬಿಸಿಯ ಮೇಲೆ ನಿಂತಿದೆ. 350ರಿಂದ 450 ಡಿಗ್ರಿಯಲ್ಲಿ ಮಾಡಿದ್ದಕ್ಕೆ 0.65, 450ರಿಂದ 600ಕ್ಕೆ 0.80, 600 ದಾಟಿದರೆ 0.89. ನನ್ನ ಗೂಡಿನ ನಡುಭಾಗ 600 ದಾಟಿತ್ತು, ಮೂಲೆ ದಾಟಿರಲಿಲ್ಲ. ಆದ್ದರಿಂದ 0.80 ಹಿಡಿದೆ. 37ಕ್ಕೆ 0.77, ಅದಕ್ಕೆ 0.80, ಹತ್ತಿರ ಹತ್ತಿರ 23 ಕೆಜಿ ಇಂಗಾಲ. 12 ಪಾಲು ಇಂಗಾಲಕ್ಕೆ ಆಮ್ಲಜನಕ ಸೇರಿದರೆ 44 ಪಾಲು ಇಂಗಾಲದ ಡೈಆಕ್ಸೈಡ್ ಆಗುತ್ತದೆ, ಆದ್ದರಿಂದ ಅದನ್ನು 44/12ರಿಂದ ಗುಣಿಸಿದರೆ 84 ಕೆಜಿ ಇಂಗಾಲದ ಡೈಆಕ್ಸೈಡ್‌ಗೆ ಸಮ.

ಕಟ್ಟಿಗೆಯಲ್ಲಿ ಇದ್ದದ್ದು ಸುಮಾರು 92 ಕೆಜಿ ಇಂಗಾಲ. ಇದ್ದಿಲಾಗಿ ಕೈಗೆ ಸಿಕ್ಕಿದ್ದು 28.5. ಮೂರನೇ ಒಂದು ಪಾಲೂ ಇಲ್ಲ. ಪೂರ್ತಿ ಮುಚ್ಚಿದ, ಹೊರಗಿನಿಂದ ಬಿಸಿ ಮಾಡುವ ಗೂಡಿನಲ್ಲಿ ಅರ್ಧದವರೆಗೂ ಉಳಿಸಿಕೊಳ್ಳಬಹುದು. ಬಾಯಿ ತೆರೆದ ಗೂಡಿನಲ್ಲಿ ಉರಿಗೆ ಉರುವಲೂ ಅದೇ ಕಟ್ಟಿಗೆ. ಇದನ್ನು ಒಪ್ಪಿಕೊಂಡೇ ಕೆಲಸ ಮಾಡಬೇಕು.

ಇಷ್ಟಕ್ಕೆ ನಿಲ್ಲಿಸಿದರೆ ಲೆಕ್ಕ ಚೆಂದ ಕಾಣುತ್ತದೆ. ಆದರೆ ಹೊಗೆಯ ಬಾಬತ್ತು ಬಾಕಿ ಇದೆ. ಕಾನ್-ಟಿಕಿ ಗೂಡುಗಳ ಮೇಲೆ 2016ರಲ್ಲಿ ಪ್ರಕಟವಾದ ಒಂದು ಅಳತೆಯ ಪ್ರಕಾರ ಪ್ರತಿ ಕೆಜಿ ಇದ್ದಿಲಿಗೆ ಸರಾಸರಿ 30 ಗ್ರಾಂ ಮೀಥೇನ್ ಹೊರಬಿದ್ದಿತ್ತು. ಏರಿಳಿತ ಆ ಸರಾಸರಿಗಿಂತಲೂ ದೊಡ್ಡದಿತ್ತು. ನನ್ನ 37 ಕೆಜಿಗೆ ಅದೇ ಸರಾಸರಿ ಹಿಡಿದರೆ 1.1 ಕೆಜಿ ಮೀಥೇನ್. ನೂರು ವರ್ಷದ ಲೆಕ್ಕದಲ್ಲಿ ಮೀಥೇನ್ ಭೂಮಿಯನ್ನು ಬಿಸಿ ಮಾಡುವುದು ಇಂಗಾಲದ ಡೈಆಕ್ಸೈಡಿನ 27 ಪಟ್ಟು. ಅಂದರೆ 30 ಕೆಜಿ ಕಳೆಯಬೇಕು. 84ರಲ್ಲಿ ಉಳಿಯುವುದು 54. ಇಪ್ಪತ್ತು ವರ್ಷದ ಲೆಕ್ಕ ಹಿಡಿದರೆ ಸುಮಾರು 80 ಪಟ್ಟು, ಅಂದರೆ 89 ಕೆಜಿ. ಗಳಿಸಿದ್ದಕ್ಕಿಂತ ಕಳೆದದ್ದೇ ಜಾಸ್ತಿ.

ಈ ಅಂಕಿ ನೋಡಿ ಒಂದು ಸಂಜೆ ಪೂರ್ತಿ ಮಂಕಾಗಿ ಕೂತಿದ್ದೆ. ರಾಶಿ ಹಾಗೇ ಕೊಳೆತಿದ್ದರೂ, ಬಯಲಲ್ಲಿ ಸುಟ್ಟಿದ್ದರೂ ಸ್ವಲ್ಪ ಮೀಥೇನ್ ಬರುತ್ತಿತ್ತು, ಅದನ್ನೂ ಎಣಿಸಬೇಕು, ನಿಜ. ಆದರೂ ಮನಸ್ಸು ಒಪ್ಪಲಿಲ್ಲ. ಆಮೇಲೆ ಹೊಳೆದದ್ದು ಏರಿಳಿತದ ವಿಷಯ. ಸರಾಸರಿಗಿಂತ ಏರಿಳಿತ ದೊಡ್ಡದು ಅಂದರೆ ಬಹಳ ಹೊತ್ತು ಹೆಚ್ಚೇನೂ ಬರುವುದಿಲ್ಲ, ಕೆಲವು ಹೊತ್ತು ಭಾರೀ ಬರುತ್ತದೆ. ಆ ಕೆಲವು ಹೊತ್ತು ಯಾವುದು ಅಂತ ಗೂಡಿನ ಮುಂದೆ ನಿಂತವರಿಗೆ ಕಾಣುತ್ತದೆ. ಉರಿ ಒಡೆದು ಹೊಗೆ ತಪ್ಪಿಸಿಕೊಂಡ ಹೊತ್ತು. ನನ್ನ ಹತ್ತಿರ ಮೀಥೇನ್ ಅಳೆಯುವ ಯಂತ್ರ ಇಲ್ಲ, ಕಣ್ಣಿಗೆ ಕಾಣದ ಅನಿಲವನ್ನು ಹೊಗೆ ನೋಡಿ ಗ್ರಾಂ ಲೆಕ್ಕದಲ್ಲಿ ಹೇಳಲೂ ಆಗುವುದಿಲ್ಲ. ಆದರೆ ಗಡಿಯಾರ ಇದೆ. ಮೂರನೇ ಒಬ್ಬೆಯಲ್ಲಿ ಹೊಗೆ ಕಂಡ ಪ್ರತಿ ಸಲ ಬರೆದಿಟ್ಟುಕೊಂಡಿದ್ದೆ. ಕೂಡಿದಾಗ ನಾಲ್ಕು ಗಂಟೆಯಲ್ಲಿ 31 ನಿಮಿಷ ಆಯಿತು. ಇಳಿಸಬೇಕಾದದ್ದು ಆ 31.

ರಿಪೇರಿ, ಮತ್ತು ನಾಲ್ಕನೇ ಒಬ್ಬೆ

ಮೂರನೇ ಒಬ್ಬೆ ತಣ್ಣಗಾದಾಗ ಬಾಯಿಯ ಅಂಚಿನಲ್ಲಿ ಎರಡು ಕಡೆ ವೆಲ್ಡಿಂಗ್ ಬಿರುಕು ಬಿಟ್ಟಿತ್ತು. ಬಾಯಿ ಸೊಟ್ಟಗಾಗದಿರಲಿ ಅಂತ ಸುತ್ತ ಆಂಗಲ್ ಪಟ್ಟಿ ಇಟ್ಟು ಪೂರ್ತಿ ವೆಲ್ಡ್ ಮಾಡಿದ್ದೆ. ಕಬ್ಬಿಣ ಮೀಟರಿಗೆ ಪ್ರತಿ ಡಿಗ್ರಿಗೂ 0.012 ಮಿಮೀ ಹಿಗ್ಗುತ್ತದೆ. 1.2 ಮೀಟರ್ ತಗಡು 500 ಡಿಗ್ರಿ ಏರಿದರೆ 7 ಮಿಮೀ. ಒಳಗಿನ ತಗಡು ಹಿಗ್ಗುತ್ತದೆ, ಹೊರಗಿನ ಪಟ್ಟಿ ಅಷ್ಟು ಬಿಸಿಯಾಗುವುದಿಲ್ಲ, ಹಾಗಾಗಿ ಬಿಡುವುದಿಲ್ಲ. ಎಲ್ಲೋ ಒಂದು ಕಡೆ ಹರಿಯಲೇಬೇಕು.

ವೆಲ್ಡ್ ಎಲ್ಲ ಉಜ್ಜಿ ತೆಗೆದೆ. ಪಟ್ಟಿಯಲ್ಲಿ ದುಂಡು ತೂತಿನ ಬದಲು 20 ಮಿಮೀ ಉದ್ದದ ಸೀಳು ತೂತು ಮಾಡಿ, 8 ಮಿಮೀ ಬೋಲ್ಟು ಹಾಕಿ, ಅಗಲ ವಾಷರ್ ಕೊಟ್ಟು ಅರೆಬಿಗಿ ಮಾಡಿದೆ. ಪಟ್ಟಿಯ ನಾಲ್ಕು ಮೂಲೆಯನ್ನೂ ಜೋಡಿಸದೆ ಒಂದು ಬೆರಳು ಸಂದು ಬಿಟ್ಟೆ. ಬಿರುಕಿನ ಎರಡೂ ತುದಿಗೆ ಸಣ್ಣ ತೂತು ಕೊರೆದು, ಅದು ಮುಂದೆ ಹೋಗದಂತೆ ಮಾಡಿ, ನಡುವೆ ಬೆಸುಗೆ ಹಾಕಿದೆ. ಇನ್ನೊಂದು ಬದಲಾವಣೆ ಮೂಲೆಗಳದ್ದು. ಒಳಗೆ ಪ್ರತಿ ಮೂಲೆಗೂ ಒಂದು ಗೇಣು ಅಗಲದ ತಗಡನ್ನು ಓರೆಯಾಗಿ ಕೂರಿಸಿದೆ. ಪಿರಮಿಡ್ಡಿಗೆ ಎಂಟು ಮುಖವಾಯಿತು.

ನಾಲ್ಕನೇ ಒಬ್ಬೆಗೆ ಕೊಂಬೆಯನ್ನು ಮೂರು ರಾಶಿ ಮಾಡಿದೆ: ಹೆಬ್ಬೆರಳಿಗಿಂತ ಸಣ್ಣದು, ಹೆಬ್ಬೆರಳಿನಿಂದ ಮೂರು ಬೆರಳು ದಪ್ಪದ್ದು, ಅದಕ್ಕಿಂತ ದಪ್ಪದ್ದು. ದಪ್ಪನೆಯದು ಮೊದಲ ಎರಡು ಗಂಟೆಯೊಳಗೆ ಮುಗಿಯಬೇಕು ಅಂತ ಗೆರೆ ಹಾಕಿಕೊಂಡೆ. ಪದರವನ್ನು ತೆಳುವಾಗಿಸಿ ನಾಲ್ಕು ನಿಮಿಷಕ್ಕೊಮ್ಮೆ ಹಾಕಿದೆ. ಕೈಗೆ ಬಿಡುವೇ ಇರಲಿಲ್ಲ, ಆದರೆ ಉರಿ ಒಮ್ಮೆಯೂ ಪೂರ್ತಿ ಕುಸಿಯಲಿಲ್ಲ. ಕೊನೆಯ ಅರ್ಧ ಗಂಟೆ ಬರೀ ಸಣ್ಣ ಕಡ್ಡಿ. ಅದು ಬೇಗ ಉರಿದು, ಕೆಳಗಿನ ದಪ್ಪ ತುಂಡುಗಳ ಕೊನೆಯ ಅನಿಲವನ್ನೂ ಸುಡುತ್ತದೆ.

190 ಕೆಜಿ ಹಾಕಿದ್ದು, ತೇವಾಂಶ ಶೇ. 10, ಒಣ ತೂಕ 171. ಮೂರು ಗಂಟೆ ಐವತ್ತು ನಿಮಿಷ. ಬಂದದ್ದು ಒದ್ದೆ 98 ಕೆಜಿ, ಒಣಗಿಸಿದ ಲೆಕ್ಕದಲ್ಲಿ 36.8 ಕೆಜಿ. ಶೇ. 21.5. ಹಿಂದಿನ ಸಲಕ್ಕಿಂತ 20 ಕೆಜಿ ಕಡಿಮೆ ಕಟ್ಟಿಗೆಗೆ ಅಷ್ಟೇ ಇದ್ದಿಲು. ಹೊಗೆ ಕಂಡದ್ದು 9 ನಿಮಿಷ, ಅದರಲ್ಲಿ 5 ಹೊತ್ತಿಸುವಾಗಲೇ. ಬೋಲ್ಟು ಹಾಕಿದ ಅಂಚು ಬಿಸಿಯಲ್ಲಿ ಕಿರ್ ಅಂತ ಸರಿಯುವುದು ಕೇಳಿಸಿತು, ತಣ್ಣಗಾದಾಗ ಮತ್ತೆ ತನ್ನ ಜಾಗಕ್ಕೆ ಬಂತು. ಬಿರುಕು ಇಲ್ಲ.

ಮಣ್ಣಿಗೆ ಸೇರಿಸುವುದು

ಗೂಡಿನಿಂದ ತೆಗೆದ ಇದ್ದಿಲನ್ನು ನೇರವಾಗಿ ಮಣ್ಣಿಗೆ ಹಾಕಬಾರದು. ಅದರ ಸಣ್ಣ ಸಣ್ಣ ರಂಧ್ರಗಳೆಲ್ಲ ಖಾಲಿ ಇರುತ್ತವೆ. ಮಣ್ಣಿನಲ್ಲಿರುವ ಸಾರಜನಕವನ್ನು ತಾನೇ ಹಿಡಿದುಕೊಂಡು ಗಿಡಕ್ಕೆ ಸ್ವಲ್ಪ ಕಾಲ ಕೊರತೆ ಮಾಡುತ್ತದೆ. ನಾನು ಒದ್ದೆ ಇರುವಾಗಲೇ ಪುಡಿ ಮಾಡುತ್ತೇನೆ. ಒಣ ಪುಡಿಯ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಒದ್ದೆ ಇದ್ದರೂ ಮೂಗಿಗೆ ಮಾಸ್ಕ್ ಬೇಕು. ಬೆರಳ ಗೆಣ್ಣಿಗಿಂತ ದೊಡ್ಡದು ಉಳಿಯದ ಹಾಗೆ ಜರಡಿ ಹಿಡಿದು, ಹತ್ತು ಬುಟ್ಟಿ ಅರೆಮಾಗಿದ ಕಾಂಪೋಸ್ಟಿಗೆ ಒಂದು ಬುಟ್ಟಿ ಬೆರೆಸಿ ಎರಡು ತಿಂಗಳು ಬಿಡುತ್ತೇನೆ. ಕಾಂಪೋಸ್ಟಿನ ಪೋಷಕಾಂಶ ರಂಧ್ರಗಳಿಗೆ ಸೇರುತ್ತದೆ.

ಇದ್ದಿಲು ನೆನೆಸಿದ ನೀರಿಗೆ ಪಿಎಚ್ ಕಾಗದ ಅದ್ದಿದರೆ 9 ತೋರಿಸುತ್ತದೆ. ಹುಳಿ ಮಣ್ಣಿಗೆ ಇದು ಒಳ್ಳೆಯದು. ಮೊದಲೇ ಕ್ಷಾರ ಜಾಸ್ತಿ ಇರುವ ಮಣ್ಣಿಗೆ ಹಾಕುವ ಮುಂಚೆ ಯೋಚಿಸಿ. ಚದರ ಮೀಟರಿಗೆ ಒಂದು ಕೆಜಿಯಂತೆ ಹಾಕುತ್ತಿದ್ದೇನೆ, ಹೆಕ್ಟೇರಿಗೆ ಲೆಕ್ಕ ಹಾಕಿದರೆ 10 ಟನ್ ಆಗುತ್ತದೆ. ಬೆರೆಸಿದ ಮೇಲೆ ಇನ್ನೊಂದು ನೆಮ್ಮದಿ ಇದೆ. ಚೀಲದಲ್ಲಿ ಇರುವವರೆಗೂ ಯಾರಾದರೂ ಅದನ್ನು ಒಲೆಗೆ ಹಾಕಬಹುದು, ಹಾಕಿದರೆ ಕೂಡಿಟ್ಟ ಇಂಗಾಲವೆಲ್ಲ ಹೋಯಿತು. ಗೊಬ್ಬರದ ಜೊತೆ ಕಲಸಿದ್ದನ್ನು ಯಾರೂ ಒಲೆಗೆ ಹಾಕುವುದಿಲ್ಲ.

ಐದನೇ ಒಬ್ಬೆಗೆ ಹತ್ತಿ ಕಾಂಡ. ಕಟ್ಟಿಗೆಯ 0.77 ಇದಕ್ಕೆ ಸಲ್ಲುವುದಿಲ್ಲ. ಅದೇ ಮಾರ್ಗಸೂಚಿ ಹುಲ್ಲು, ಎಲೆ ಜಾತಿಯ ಕಸಕ್ಕೆ 0.65 ಹಿಡಿಯುತ್ತದೆ. ಹತ್ತಿ ಕಾಂಡ ಎರಡರ ನಡುವೆ ಎಲ್ಲೋ ಇರಬಹುದು, ಆದರೆ ಲೆಕ್ಕಕ್ಕೆ ನಾನು ಕಡಿಮೆಯದನ್ನೇ ಹಿಡಿಯುತ್ತೇನೆ. ಇವತ್ತು ಬೆಳಿಗ್ಗೆ ರಾಶಿಯ ಎರಡು ಕಡೆಯಿಂದ ತೆಗೆದ ಕಡ್ಡಿ ಓವನ್‌ನಿಂದ ಹೊರಬಂತು. ಮೇಲಿನದು ಶೇ. 11, ಅಡಿಯದ್ದು ಶೇ. 19. ಮಗುಚಿ ಹಾಕಿ ಬಂದಿದ್ದೇನೆ. ಇನ್ನೆರಡು ವಾರ ಬೇಕು.